ಇಮಾರ್ಪಿಕ್‌ಗೆ ಒಂದೇ ಗಂಟೆಯ ದಾರಿ

"ಮಂಜು ಸರಿದ ತಕ್ಷಣ ಕುಯಿಗಾಕ್‌ನಿಂದ ಹೊರಡ್ತೀವಿ. ಹುಡುಗನ್ನ ರೆಡಿ ಮಾಡಿಟ್ಟಿರಿ," ಎಂದು ರೇಡಿಯೊದೊಳಗಿನ ದನಿ ಗೊರಗೊರ ಎಂದಿತು.

"ರೆಡಿ ಮಾಡೋಕೆ ಅವನೇನು ಮದುಮಗನಾ?" ಎಂದಳು ಊರಿನ ಒಬ್ಬಳೇ ಪೊಲೀಸ್ ಅಗ್ರಫೀನಾ. "ಬೀಗ ಹಾಕಿದೀನಿ. ಕೀಲಿ ನನ್ನ ಜೇಬಲ್ಲೇ ಇದೆ. ನಿಧಾನವಾಗೇ ಬನ್ನಿ."

ರೇಡಿಯೊ ಇಟ್ಟು ಕಿಟಕಿಯಿಂದಾಚೆ ನೋಡಿದಳು. ಇಮಾರ್ಪಿಕ್ ಊರನ್ನು ಯಾರೋ ಉಣ್ಣೆಯಲ್ಲಿ ಸುತ್ತಿಟ್ಟ ಹಾಗಿತ್ತು. ಜಲ್ಲಿಯ ರನ್‌ವೇ ಕಾಣುತ್ತಿರಲಿಲ್ಲ, ಕಡಲೂ ಕಾಣುತ್ತಿರಲಿಲ್ಲ. ಉತ್ತರದ ಹಿಮಸೀಮೆಯ ಈ ಊರಿಗೆ ರಸ್ತೆಯೆಂಬುದೇ ಇಲ್ಲ. ಬರುವವರೂ ಹೋಗುವವರೂ ಆಕಾಶದಿಂದಲೇ. ಆ ಮಂಜು ಕದಲುವವರೆಗೆ ಮಾತ್ರ ವಸಿಲಿ ಅವಳವನು. ಕದಲಿದ ಮೇಲೆ ರಾಜ್ಯದ ಪೊಲೀಸರವನು.

ನೂರು ವರ್ಷದ ಮೇಲೆ ದಕ್ಷಿಣದ ಯಾವುದೋ ವಸ್ತುಸಂಗ್ರಹಾಲಯದಿಂದ ಊರಿಗೆ ಮರಳಿದ ಮುಖವಾಡದ ಪೆಟ್ಟಿಗೆಯನ್ನು ನಿನ್ನೆ ಎಲ್ಲರೆದುರು ತೆರೆದಾಗ, ಒಳಗಿದ್ದದ್ದು ಹೊಳೆ ತೇಲಿಸಿ ತರುವಂಥ ಒಂದು ಮರದ ಬೊಡ್ಡೆ. ಡೋಲು ಹಿಡಿದು ಕೂತಿದ್ದ ಮುದುಕರ ಕೈ ಹಾಗೇ ನಿಂತುಬಿಟ್ಟಿತ್ತು.

ವಸಿಲಿ ಕುಯಿಗಾಕ್ ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವ ಕೆಲಸದವನು. ಪೆಟ್ಟಿಗೆ ಒಂದು ರಾತ್ರಿ ಅಲ್ಲಿನ ಶೆಡ್ಡಿನಲ್ಲಿತ್ತು. ಶೆಡ್ಡಿನ ಕೀಲಿ ಅವನ ಹತ್ತಿರ. ಸ್ಕ್ರೂ ಸರಿಯಾಗಿದೆಯೇ ಎಂದು ನೋಡಿ ವಿಮಾನಕ್ಕೆ ಹೇರಿದವನೂ ಅವನೇ. ಹೇರಿ, ಮುಖವಾಡದ ಕುಣಿತ ನೋಡುವ ಆಸೆಗೆ ಮರುದಿನ ಬೆಳಗಿನ ವಿಮಾನದಲ್ಲಿ ಊರಿಗೆ ಬಂದ. ಬಂದವನು ಬಂದ ದಿನವೇ ಬೀಗದೊಳಗಾದ. ಪೆಟ್ಟಿಗೆ ತಂದ ಪೈಲಟ್ ಹೋಬಾರ್ಟ್ "ಎಲ್ಲೂ ನಿಲ್ಲಿಸಿಲ್ಲ, ನೇರ ಬಂದೆ" ಎಂದಿದ್ದ. ದಾರಿಯಲ್ಲಿ ಕದ್ದಿಲ್ಲವೆಂದರೆ ಶೆಡ್ಡಿನಲ್ಲಿ ಕದ್ದಿರಬೇಕು. ಪೊಲೀಸರ ಲೆಕ್ಕ ಅಷ್ಟು ಸಲೀಸು.

ಕಚೇರಿಯ ಪಕ್ಕದ ಕೋಣೆಯ ಬಾಗಿಲಿಗೆ ಅವಳು ಬೆರಳಿನಿಂದ ತಟ್ಟಿದಳು.

"ಅಪ್ಪಾ, ಹಸಿವಾ?"

"ಹಸಿವಾಗದೆ ಇರುತ್ತಾ? ಏನಿದೆ ಮಗಳೇ?" ಎಂದಿತು ಒಳಗಿನ ದನಿ. ಇಪ್ಪತ್ತೆರಡು ವರ್ಷದ ದನಿ.

ಅಗ್ರಫೀನಾಳಿಗೆ ಐವತ್ತು ದಾಟಿದೆ. ವಸಿಲಿ ಅವಳ ತಮ್ಮನ ಮಗ. ಆದರೆ ಅವಳಪ್ಪ ತೀರಿಕೊಂಡ ತಿಂಗಳಲ್ಲೇ ಹುಟ್ಟಿ ಅವನ ಹೆಸರನ್ನೇ ಹೊತ್ತವನು. ಹೆಸರು ಬಂದ ಮೇಲೆ ನಂಟೂ ಬಂದ ಹಾಗೇ ಇಲ್ಲಿ. ತೊಟ್ಟಿಲಲ್ಲಿದ್ದಾಗಿನಿಂದ ಅವಳು ಅವನನ್ನು ಅಪ್ಪಾ ಎಂದೇ ಕರೆದವಳು. ಹಬ್ಬಕ್ಕೆ ಅವನಿಗೆ ಕೈಗವಸು ಹೊಲಿದುಕೊಟ್ಟವಳು. ಅಪ್ಪನನ್ನು ಒಮ್ಮೆ ಮಣ್ಣಿಗೆ ಕೊಟ್ಟಾಗಿದೆ. ಇನ್ನೊಮ್ಮೆ ಜೈಲಿಗೆ ಕೊಡುವುದೇ?

"ಅಪ್ಪಾ, ಒಂದು ಮಾತು. ಪೆಟ್ಟಿಗೆಯ ಸ್ಕ್ರೂ ನೀನೇ ಬಿಗಿ ಮಾಡಿದ್ದಾ?"

ಸ್ವಲ್ಪ ಹೊತ್ತು ಸದ್ದಿಲ್ಲ.

"ಮಾಡಿದೆ ಅಂದ್ನಲ್ಲ ನಿನ್ನೇನೇ."

"ಕೇಳಿದ್ದಕ್ಕೆ ಸಿಟ್ಟಾ?"

"ಸಿಟ್ಟಲ್ಲ. ಹಸಿವು."

ಅವಳು ಪಾರ್ಕಾ ಕೋಟಿನ ಟೋಪಿ ಎಳೆದುಕೊಂಡು ಮಂಜಿಗಿಳಿದಳು. ಆ ಮೌನ ಅವಳ ಹಿಂದೆಯೇ ನಡೆದುಬಂತು.

*

"ಅಯ್ಯೋ, ಒದ್ದೆ ನಾಯಿ ಹಾಗಿದೀಯಲ್ಲೇ! ತೆಗಿ, ತೆಗಿ ಅದನ್ನ," ಎಂದು ಒಲಿಂಕಾ ಅತ್ತೆ ಅವಳ ಪಾರ್ಕಾವನ್ನು ತಾನೇ ಕಳಚಿ ಒಲೆಯ ಹಿಂದಿನ ಮೊಳೆಗೆ ತೂಗುಹಾಕಿದಳು.

ಒಲಿಂಕಾ ಅಗ್ರಫೀನಾಳ ಅಪ್ಪನ ಅಕ್ಕ. ತಾಯಿಯಿಲ್ಲದ ಅವಳನ್ನು ಸಾಕಿದವಳು. ಎಂಬತ್ತರ ಹತ್ತಿರದ ಹೆಂಗಸು, ಕಣ್ಣು ತೋರಿಸಲು ಕುಯಿಗಾಕ್‌ಗೆ ಹೋಗಿ, ಮೊನ್ನೆ ಅದೇ ಪೆಟ್ಟಿಗೆಯ ಜೊತೆ ಅದೇ ವಿಮಾನದಲ್ಲಿ ವಾಪಸು ಬಂದಿದ್ದಳು. ಬೇರೆ ಪ್ರಯಾಣಿಕರು ಇರಲಿಲ್ಲ.

"ಅತ್ತೆ, ಮೊನ್ನೆ ದಾರಿಯಲ್ಲಿ ಏನಾದರೂ..."

"ಎಷ್ಟು ಸಲ ಕೇಳ್ತೀಯೆ? ಕಣ್ಣಿಗೆ ಹನಿ ಹಾಕಿದ್ರು. ಹತ್ತಿದವಳು ಮಲಗಿದೆ, ಇಳಿಯುವಾಗ ಎದ್ದೆ." ಅತ್ತೆ ಸೀಲ್ ಪ್ರಾಣಿಯ ಎಣ್ಣೆಯ ಸೀಸೆಯನ್ನು ಅವಳ ಮುಂದೆ ತಳ್ಳಿದಳು. "ಇದರ ಮುಚ್ಚಳ ತೆಗೆದುಕೊಡು. ಈ ಬೆರಳು ಈಗ ಯಾತಕ್ಕೂ ಬರಲ್ಲ."

ಗಂಟು ಗಂಟಾಗಿ ಊದಿದ ಬೆರಳುಗಳು. ಅಗ್ರಫೀನಾ ಮುಚ್ಚಳ ತಿರುವಿ ಕೊಟ್ಟಳು. ಒಣಮೀನಿನ ತುಂಡನ್ನು ಎಣ್ಣೆಗೆ ಅದ್ದಿ ಬಾಯಿಗಿಟ್ಟಳು. ಜಗಿಯುವುದಷ್ಟೇ ಆಯಿತು.

"ಅಪ್ಪನ್ನ ಇವತ್ತು ಕರ್ಕೊಂಡು ಹೋಗ್ತಾರೆ," ಎಂದಳು.

"ತಮ್ಮನಿಗೆ ಏನೂ ಆಗಲ್ಲ." ಅತ್ತೆಗೆ ಆ ಹುಡುಗ ತಮ್ಮ. "ಮುಖವಾಡ ಅವನ ಹತ್ತಿರ ಇಲ್ಲ ಅಂದಮೇಲೆ ಏನು ಮಾಡ್ತಾರೆ?"

"ಇಲ್ಲದಿದ್ದರೇ ಕಷ್ಟ. ಮಾರಿಬಿಟ್ಟ ಅಂತಾರೆ."

ಅತ್ತೆ ಬಟ್ಟಲಿಗೆ ಅಕುತಾಕ್ ಬಡಿಸುತ್ತಿದ್ದಳು. ಕೊಬ್ಬು, ಸಕ್ಕರೆ, ಹಣ್ಣು ಸೇರಿಸಿ ಕೈಯಲ್ಲೇ ನೊರೆ ಬರುವ ಹಾಗೆ ಕಲಸಿದ್ದು. ಅವಳ ಕೈ ಒಂದು ಗಳಿಗೆ ನಿಂತಿತು.

"ನಮ್ಮಜ್ಜ ಇದ್ದಿದ್ರೆ ನಗ್ತಿದ್ದ. ಮುಖವಾಡ ಅಂದ್ರೆ ಕುಣಿದಾದ ಮೇಲೆ ಬಯಲಿಗೆ ಬಿಡೋದು. ಗಾಳಿ, ಮಳೆ ತಗೊಂಡು ಹೋಗುತ್ತೆ. ಇವರು ಗಾಜಿನ ಪೆಟ್ಟಿಗೆ ಮಾಡಿಸಿ ದೀಪ ಹಾಕ್ತಾರಂತೆ! ಸತ್ತವನನ್ನ ಕೂರಿಸಿ ಫೋಟೊ ತೆಗೆದ ಹಾಗೆ."

"ಇದನ್ನ ಸಭೆಯಲ್ಲೂ ಹೇಳಿದ್ಯಲ್ಲ."

"ಹೇಳಿದೆ. ಯಾರು ಕೇಳಿದ್ರು?"

ಗೋಡೆಯ ಮೇಲಿದ್ದ ರೇಡಿಯೊ ಕೆಮ್ಮಿತು. ಊರ ಮನೆಮನೆಯಲ್ಲೂ ಅದು ಹಗಲೆಲ್ಲ ತೆರೆದೇ ಇರುತ್ತದೆ. ವಿಮಾನ ಹೊರಟ ಸುದ್ದಿ ಅದರಲ್ಲೇ ಬರಬೇಕು. ಬಂತು. ಕುಯಿಗಾಕ್‌ನಲ್ಲಿ ಮಂಜು ಹರಿದಿದೆ, ಪೊಲೀಸರ ವಿಮಾನ ಹೊರಟಿದೆ, ಇಳಿಯಲಾಗದಿದ್ದರೆ ತಿರುಗಿ ಹೋಗುತ್ತಾರೆ.

ಅಗ್ರಫೀನಾ ಎರಡು ಚಮಚ ಅಕುತಾಕ್ ಬಾಯಿಗೆ ಹಾಕಿಕೊಂಡು ಎದ್ದಳು. ರುಚಿಯೇ ತಿಳಿಯಲಿಲ್ಲ.

"ಒಂದೇ ಗಂಟೆ ಅಲ್ವಾ ಅಲ್ಲಿಂದ?" ಎಂದು ಅತ್ತೆ ಕೇಳಿದಳು.

"ಒಂದೇ ಗಂಟೆ."

ಅತ್ತೆ ಒಲೆಯ ಹಿಂದಿನಿಂದ ಪಾರ್ಕಾ ತಂದು ಅವಳ ಹೆಗಲಿಗೆ ಹಾಕಿದಳು. ಚಿಕ್ಕಂದಿನಲ್ಲಿ ಹಾಕುತ್ತಿದ್ದ ಹಾಗೆ ಕತ್ತಿನವರೆಗೆ ಎಳೆದಳು. ಮುಚ್ಚಿದ ಡಬ್ಬಿಯೊಂದನ್ನು ಕೈಗಿಟ್ಟಳು. "ಮಂಜಿಗೆ ಸಿಕ್ಕಿ ಶಾಲೆಯಲ್ಲಿ ಬಿದ್ದಿದಾನಲ್ಲ ಆ ಪೈಲಟ್, ಅವನಿಗೆ ಕೊಡು. ಬರೀ ಬಿಸ್ಕತ್ತು ತಿಂದ್ಕೊಂಡಿದಾನೆ ಪಾಪ."

*

ಅತ್ತೆಯ ಮನೆಯ ಹಿಂದೆ ಮೀನು ಒಣಗಿಸುವ ಹೊಗೆಮನೆ. ಹಲಗೆಯ ಗೋಡೆ, ನಾಲ್ಕು ದಿಕ್ಕಿಗೂ ಒಂದೊಂದು ಎತ್ತುವ ಪಡಿ. ಒಳಗೆ ಕೆಂಪು ಕೆಂಪು ಮೀನಿನ ಸಾಲು. ಅಗ್ರಫೀನಾ ಹಾದು ಹೋಗುವವಳು ತಟ್ಟನೆ ನಿಂತಳು.

ಪೂರ್ವದ ಪಡಿ ಮುಚ್ಚಿತ್ತು. ಅದಕ್ಕೆ ಬಿಗಿದಿದ್ದ ಹಗ್ಗದ ಗಂಟು ಅವಳದೇ.

ಅತ್ತೆ ಊರಲ್ಲಿಲ್ಲದಾಗ ಹೊಗೆ ನೋಡಿಕೊಂಡವಳು ತಾನಲ್ಲವೇ? ಪೆಟ್ಟಿಗೆ ಬರುವ ದಿನ ಬೆಳಿಗ್ಗೆ ಗಾಳಿ ನುಗ್ಗಿ, ಬೂದಿಯೆಲ್ಲ ಮೀನಿನ ಮೇಲೆ ಹಾರಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಆ ಪಡಿ ಎಳೆದು ಕಟ್ಟಿದ್ದಳು. ಗಾಳಿ ಬರುವ ಕಡೆಯದನ್ನು ಮುಚ್ಚುವುದು ವಾಡಿಕೆ.

ಗಾಳಿ ಪೂರ್ವದ್ದು. ಕುಯಿಗಾಕ್ ಇರುವುದೂ ಪೂರ್ವಕ್ಕೇ.

ಮೊನ್ನೆ ವಿಮಾನ ಅರ್ಧ ಗಂಟೆ ತಡವಾಗಿ ಇಳಿದಿತ್ತು. ಇಡೀ ಊರು ರನ್‌ವೇ ಪಕ್ಕ ನಿಂತು, ಫ್ಲಾಸ್ಕಿನ ಚಹಾ ಮುಗಿಸಿ, ಕತ್ತು ನೋಯುವಷ್ಟು ಆಕಾಶ ನೋಡಿತ್ತು. ಹೋಬಾರ್ಟ್ ಇಳಿದವನೇ "ಎದುರು ಗಾಳಿ" ಎಂದ. ಎಲ್ಲರೂ ತಲೆಯಾಡಿಸಿದರು. ವರ್ಷದ ಮುಕ್ಕಾಲು ಪಾಲು ಇಲ್ಲಿ ಕಡಲ ಗಾಳಿಯೇ ಬೀಸುವುದು, ಬರುವ ವಿಮಾನಕ್ಕೆಲ್ಲ ಅದು ಎದುರೇ. ಅವತ್ತು ವಿಮಾನದ ಬೆನ್ನಿಗೆ ಬಡಿಯುತ್ತಿದ್ದ ಗಾಳಿಯನ್ನು ಪೆಟ್ಟಿಗೆಯ ಸಂಭ್ರಮದಲ್ಲಿ ಯಾರು ಗಮನಿಸಿದರು? ಅವಳೂ ಗಮನಿಸಲಿಲ್ಲ.

*

ಶಾಲೆಯ ಆಟದ ಹಾಲಿನಲ್ಲಿ ಹೋಬಾರ್ಟ್ ಚಾಪೆ ಹಾಸಿಕೊಂಡು ಒಬ್ಬನೇ ಇಸ್ಪೀಟು ಆಡುತ್ತಿದ್ದ. ಹಳದಿ ಗಡ್ಡದ, ದಪ್ಪ ನಗೆಯ ಮನುಷ್ಯ. ದಕ್ಷಿಣದಿಂದ ಬಂದವನಾದರೂ ಇಪ್ಪತ್ತು ವರ್ಷದಿಂದ ಇದೇ ಆಕಾಶದಲ್ಲಿ ಹಾರಾಡಿದವನು. ಊರ ಅರ್ಧ ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿದವನು. ಅವನ ಮೇಲೆ ಅನುಮಾನ ಪಡುವುದೆಂದರೆ ನೆರೆಮನೆಯವನ ಮೇಲೆ ಪಟ್ಟ ಹಾಗೆ.

"ಬಾ ಫೀನಾ, ನೀನಾದರೂ ಒಂದು ಕೈ ಹಾಕು. ಇವನು ಬರೀ ಮೋಸ ಮಾಡ್ತಾನೆ," ಎಂದು ತನ್ನೆದುರಿನ ಖಾಲಿ ಜಾಗ ತೋರಿಸಿದ.

ಅವಳು ಆ ಖಾಲಿ ಜಾಗದಲ್ಲೇ ಕೂತಳು.

"ಕುಯಿಗಾಕ್‌ನಿಂದ ಇಲ್ಲಿಗೆ ಎಷ್ಟು ದೂರ ಹೋಬಾರ್ಟ್?"

"ನೂರಿಪ್ಪತ್ತು ಮೈಲಿ. ಒಂದು ಗಂಟೆ. ಊರ ನಾಯಿಗಳಿಗೂ ಗೊತ್ತು."

"ಮೊನ್ನೆ ಒಂದೂವರೆ ಆಯ್ತಲ್ಲ."

"ಎದುರು ಗಾಳಿ."

"ಮೊನ್ನೆ ಗಾಳಿ ಪೂರ್ವದಿಂದ. ನಿನ್ನ ಬೆನ್ನ ಹಿಂದೆ ಇತ್ತು. ನೀನು ಬೇಗ ಬರಬೇಕಿತ್ತು."

ಎಲೆ ಇಡುತ್ತಿದ್ದ ಅವನ ಕೈ ನಿಲ್ಲಲಿಲ್ಲ. "ಯಾರಂದ್ರು?"

"ನನ್ನ ಕಣ್ಣು. ಹೊಗೆ ತುಂಬ್ಕೊಂಡು ಉರೀತಿತ್ತು. ಪೂರ್ವದ ಪಡಿ ಕಟ್ಟಿದವಳು ನಾನೇ."

ಅವನು ನಕ್ಕ. "ಹೊಗೆಮನೆಯಲ್ಲಿ ನಿಂತು ನೋಡಿದ್ದು ನೆಲದ ಗಾಳಿ ಕಣೇ. ಮೇಲಿನದು ಬೇರೆ. ನೀನೇನು ಮೂರು ಸಾವಿರ ಅಡಿ ಮೇಲೆ ಮೀನು ಒಣಗಿಸ್ತಿದ್ಯಾ?"

ಅವನು ಹೇಳುವುದು ಆಗದ ಮಾತೂ ಅಲ್ಲ. ಕೈಯಲ್ಲಿದ್ದ ದಾರ ತುಂಡಾದ ಹಾಗಾಯಿತು. ಗೋಡೆಯ ಗಡಿಯಾರ ಮಾತ್ರ ತನ್ನ ಪಾಡಿಗೆ ನಡೆಯುತ್ತಿತ್ತು.

"ಹೋಗಲಿ ಬಿಡು," ಎಂದು ಡಬ್ಬಿ ಮುಂದಿಟ್ಟಳು. "ಅತ್ತೆ ಕಳಿಸಿದಾಳೆ. ತಿನ್ನು."

"ಅಜ್ಜಿಯ ಅಕುತಾಕ್! ಇದಕ್ಕಾಗಿ ಇನ್ನೂ ಮೂರು ದಿನ ಮಂಜಿರಲಿ."

ಅವನು ಮುಚ್ಚಳ ತೆಗೆದ. ಚಮಚ ಇಳಿಸಿದ. ಚಮಚ ಅಲ್ಲೇ ನಿಂತಿತು.

ಒಂದು ಉಸಿರಿನಷ್ಟು ಹೊತ್ತು ಇರಬಹುದು. ಆಮೇಲೆ ಅವನು ತುಂಬ ಗಡಿಬಿಡಿಯಿಂದ ಬಾಯಿ ತುಂಬಿಕೊಂಡ. ಆದರೆ ಅಗ್ರಫೀನಾ ಆ ನಿಂತ ಚಮಚ ನೋಡಿದ್ದಳು. ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಬಿಳಿ ನೊರೆಯ ನಡುವೆ ನೀಲಿ ಹಣ್ಣು. ಗುಂಡಗೆ, ಗಟ್ಟಿಯಾಗಿ. ಬೆರಳಲ್ಲಿ ಒಂದನ್ನೆತ್ತಿ ಒರೆಸಿ ಹಿಸುಕಿದಳು. ಟಪ್ಪೆಂದು ಒಡೆಯಿತು.

"ಇದು ಎಲ್ಲಿಯ ಹಣ್ಣು ಹೋಬಾರ್ಟ್?"

"ನನಗೇನು ಗೊತ್ತು? ಕುಯಿಗಾಕ್ ಅಂಗಡೀದಿರಬೇಕು."

"ಅಂಗಡೀದು ಮಂಜುಗಡ್ಡೆ ಆಗಿರೋದು. ಕರಗಿದ ಮೇಲೆ ಪಿಚಪಿಚ ಅನ್ನುತ್ತೆ, ಅಕುತಾಕ್ ಎಲ್ಲ ನೇರಳೆ ಆಗುತ್ತೆ. ಇದು ಗಿಡದಿಂದ ಕಿತ್ತದ್ದು. ನಮ್ಮೂರ ಉಪ್ಪು ನೆಲದಲ್ಲಿ ಕಪ್ಪು ಹಣ್ಣು ಬಿಟ್ಟರೆ ಬೇರೆ ಬರಲ್ಲ. ಕುಯಿಗಾಕ್ ಕಡೇದು ಹೋದ ತಿಂಗಳೇ ಮುಗೀತು. ಇಷ್ಟು ತಡವಾಗಿ ಹಣ್ಣಾಗೋದು ಒಂದೇ ಕಡೆ."

ಅವನು ಎಲೆಗಳನ್ನು ಜೋಡಿಸತೊಡಗಿದ.

"ಇಂಗ್ರಿ ಗುಡ್ಡದ ನೆರಳಿನ ಮಗ್ಗುಲು. ಎರಡೂರಿಗೂ ಸರಿಯಾಗಿ ನಡುವೆ," ಎಂದಳು. "ಗಂಡಸರೆಲ್ಲ ಕಡಲ ಕಡೆ ಸೀಲ್ ಹಿಂದೆ ಹೋಗಿದಾರೆ. ಗುಡ್ಡದ ಕಡೆ ಈ ತಿಂಗಳು ಒಂದು ದೋಣಿಯೂ ಹೋಗಿಲ್ಲ. ಹಾಗಿದ್ರೆ ಅತ್ತೆ ಮನೆಗೆ ಈ ಹಣ್ಣು ಹೇಗೆ ಬಂತು? ಮೇಲಿನ ಗಾಳೀಲಿ ಹಾರ್ಕೊಂಡು ಬಂತಾ?"

ಹೋಬಾರ್ಟ್ ಎಲೆಗಳ ಕಟ್ಟನ್ನು ಕೆಳಗಿಟ್ಟ. ದಪ್ಪ ನಗೆ ಎಲ್ಲೋ ಇಳಿದುಹೋಗಿತ್ತು.

"ಅಜ್ಜಿಗೆ ಮಾತು ಕೊಟ್ಟಿದೀನಿ ಫೀನಾ."

"ನನ್ನಪ್ಪ ಬೀಗದೊಳಗಿದಾನೆ."

"ನನ್ನ ಲೈಸೆನ್ಸ್ ಹೋಗುತ್ತೆ. ಹೇಳದೆ ಕೇಳದೆ ಹೊಳೆಯ ಮರಳಿನ ಮೇಲೆ ಪ್ರಯಾಣಿಕರನ್ನ ಇಟ್ಕೊಂಡು ಇಳಿಸಿದ್ದು ಗೊತ್ತಾದರೆ ಮತ್ತೆ ಹತ್ತೋಕೆ ಬಿಡಲ್ಲ."

"ನನ್ನಪ್ಪ ಬೀಗದೊಳಗಿದಾನೆ," ಎಂದಳು ಅವಳು ಮತ್ತೆ, ಅದೇ ದನಿಯಲ್ಲಿ.

ಅವನು ಗಡ್ಡ ಕೆರೆದುಕೊಂಡ. "ಗುಡ್ಡ ಕಂಡಾಗ ಅಜ್ಜಿ ನನ್ನ ಹೆಗಲು ತಟ್ಟಿದಳು. ಅಲ್ಲಿ ನನ್ನ ತಾಯಿ ಮಲಗಿದಾಳೆ, ಇನ್ನೊಮ್ಮೆ ಬರ್ತೀನೋ ಇಲ್ವೋ, ಒಂದ್ಸಲ ಮಾತಾಡಿಸಿ ಬರ್ತೀನಿ ಅಂದಳು. ಹಾಗಂದ್ರೆ ನಾನೇನು ಮಾಡಲಿ? ನನ್ನ ವಿಮಾನದ್ದು ಅಗಲ ಚಕ್ರ, ಮರಳಲ್ಲಿ ನಿಲ್ಲುತ್ತೆ. ಇಳಿಸಿದೆ. ಮರ್ಯಾದೆಗೆ ನಾನು ದೂರ ಹೋಗಿ ಹೊಳೆ ನೋಡ್ತಾ ನಿಂತೆ."

"ಹೋಗುವಾಗ ಕೈಯಲ್ಲಿ ಏನಿತ್ತು?"

"ಅವಳ ಶಾಲಿನಲ್ಲಿ ಸುತ್ತಿದ ಒಂದು ಗಂಟು. ತಾಯಿಗೆ ಎಡೆ ಇಡೋಕೆ ಅಂದ್ಕೊಂಡೆ."

"ಬರುವಾಗ?"

"ಬಕೆಟ್ಟು. ತುಂಬ ಹಣ್ಣು."

ಅಗ್ರಫೀನಾ ಕಣ್ಣು ಮುಚ್ಚಿದಳು. ಅತ್ತೆಯನ್ನು ಅವಳು ಅಲ್ಲಿ ಕಂಡ ಹಾಗೇ ಆಯಿತು. ಮುಖವಾಡವನ್ನು ಬಯಲಿಗೆ ಒಪ್ಪಿಸಿ ತಿರುಗಿದವಳು, ಕಾಲ ಬಳಿ ಹಣ್ಣು ಕಂಡು ಬಗ್ಗಿದಳು. ವಿಮಾನ ಕಾಯುತ್ತಿದ್ದರೇನು, ಕಳವಿನ ಕೆಲಸವಾದರೇನು, ಹಣ್ಣು ಕಂಡು ಬಗ್ಗದ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಕಿತ್ತು ತಂದ ಮೇಲೆ ಕಲಸಬೇಕು, ಕಲಸಿದ ಮೇಲೆ ಹಂಚಬೇಕು.

ಅತ್ತೆ. ತನ್ನನ್ನು ಸಾಕಿದ ಅತ್ತೆ. ಆದರೂ ಎದೆಯ ಮೇಲಿನ ಕಲ್ಲೊಂದು ಸರಿಯಿತು. ವಸಿಲಿಯದು ತಪ್ಪಿಲ್ಲ. ಪೊಲೀಸರು ಇಳಿದ ಕೂಡಲೇ ಹೋಬಾರ್ಟ್‌ನನ್ನು ಎದುರು ನಿಲ್ಲಿಸಿದರಾಯಿತು.

"ಇದನ್ನ ಅವರ ಮುಂದೆ ಹೇಳ್ತೀಯಾ?"

"ಹೇಳ್ತೀನಿ," ಎಂದ ಅವನು ಕೊನೆಗೆ. "ಹುಡುಗ ಜೈಲಿಗೆ ಹೋಗಲಿ ಅಂತ ನಾನು ಸುಮ್ಮನಿದ್ದದ್ದಲ್ಲ. ಮುಖವಾಡ ಇಲ್ಲ ಅಂದಾಗ ನಂಗೂ ಅನುಮಾನ ಬಂತು. ಆದರೆ ಅಜ್ಜಿ ಹೇಗೆ ಅಂತ ಅಂದ್ಕೊಂಡೆ."

"ಹೇಗೆ ಅಂದ್ರೆ?"

"ಪೆಟ್ಟಿಗೆಗೆ ಸುತ್ತ ಸ್ಕ್ರೂ ಇತ್ತಲ್ಲ. ಸ್ಕ್ರೂಡ್ರೈವರ್ ನನ್ನ ಸೀಟಿನ ಕೆಳಗಿತ್ತು. ಅವಳು ಕೇಳಲಿಲ್ಲ. ಕೇಳಿದ್ರೂ ಆ ಬೆರಳಲ್ಲಿ..." ಅವನು ಕೈ ತಿರುವಿ ತೋರಿಸಿದ.

ಅಗ್ರಫೀನಾಳ ಕಣ್ಣೆದುರು ಎಣ್ಣೆಯ ಸೀಸೆ ಬಂದು ನಿಂತಿತು. ಮುಚ್ಚಳವನ್ನೇ ತಿರುವಲಾರದ ಬೆರಳು ಸ್ಕ್ರೂ ತಿರುವೀತೇ? ಯಾರೋ ಮೊದಲೇ ಸಡಿಲ ಮಾಡಿ ಇಟ್ಟಿರಬೇಕು, ಮುಟ್ಟಿದರೆ ಕಳಚುವಷ್ಟು.

ಮಾಡಿದೆ ಅಂದ್ನಲ್ಲ ನಿನ್ನೇನೇ.

ಬಾಗಿಲಾಚೆಯ ಆ ಮೌನ ಈಗ ಅವಳ ಮುಂದೆ ಬಂದು ನಿಂತಿತು.

ಅವಳು ಎದ್ದಳು. ಅವನ ಮುಖ ನೋಡಿಯೇ ಕೇಳಬೇಕು, ಪೊಲೀಸರು ಇಳಿಯುವ ಮೊದಲು. ಕೀಲಿಗಾಗಿ ಪಾರ್ಕಾದ ಜೇಬಿಗೆ ಕೈ ಹಾಕಿದಳು.

ಜೇಬು ಖಾಲಿ. ಇನ್ನೊಂದು ಜೇಬೂ ಖಾಲಿ.

ಒಲೆಯ ಹಿಂದಿನ ಮೊಳೆ ನೆನಪಾಯಿತು. ಕತ್ತಿನವರೆಗೆ ಎಳೆದು ಹೊದಿಸಿದ ಆ ಕೈ ನೆನಪಾಯಿತು.

"ಏನಾಯ್ತೇ?" ಎಂದು ಹೋಬಾರ್ಟ್ ಕೂಗಿದ. ಅವಳಾಗಲೇ ಹಲಗೆಯ ಕಾಲುದಾರಿಯ ಮೇಲೆ ಓಡುತ್ತಿದ್ದಳು. ಮಂಜು ತೆಳುವಾಗುತ್ತಿತ್ತು, ಮನೆಗಳ ಮಾಡುಗಳು ಒಂದೊಂದಾಗಿ ಹೊರಬರುತ್ತಿದ್ದವು.

ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಬೀಗದಲ್ಲಿ ಕೀಲಿ ಇನ್ನೂ ತೂಗಾಡುತ್ತಿತ್ತು. ಹಾಸಿಗೆಯ ಮೇಲೆ ಕಂಬಳಿ ನೀಟಾಗಿ ಮಡಚಿತ್ತು, ಅವಳಪ್ಪ ಮಡಚುತ್ತಿದ್ದ ಹಾಗೆ.

ಹೊಳೆಯ ಬಾಯಿಂದ ದೋಣಿಯ ಮೋಟಾರಿನ ಸದ್ದು ಕೇಳಿಬಂತು. ಸದ್ದು ಕಡಲ ಕಡೆಗಲ್ಲ, ಮೇಲ್ಮುಖವಾಗಿ, ಗುಡ್ಡದ ದಿಕ್ಕಿಗೆ ಹೋಗುತ್ತಿತ್ತು.

"ಅಪ್ಪಾ!" ಎಂದು ಅಗ್ರಫೀನಾ ದಡದಲ್ಲಿ ನಿಂತು ಕೂಗಿದಳು. "ಅತ್ತೇ! ತಿರುಗಿ ಬನ್ನಿ! ಓಡಿದ್ರೆ ನಾನೇನೂ ಮಾಡೋಕಾಗಲ್ಲ!"

ಮೋಟಾರಿನ ಸದ್ದು ಸಣ್ಣದಾಯಿತು, ಮತ್ತೆ ಸಣ್ಣದಾಯಿತು.

ಅದನ್ನು ಮುಳುಗಿಸಿ ನೆತ್ತಿಯ ಮೇಲೆ ಇನ್ನೊಂದು ಸದ್ದು ಎದ್ದಿತು. ಇಂದು ಎದುರು ಗಾಳಿಯಿಲ್ಲ, ಬೆನ್ನ ಗಾಳಿಯೂ ಇಲ್ಲ. ಹೇಳಿದ ಒಂದೇ ಗಂಟೆಗೆ, ಊರಿಗೆ ಬರುವ ವಿಮಾನಗಳೆಲ್ಲ ಮಾಡುವ ಹಾಗೆ ಪೊಲೀಸರ ವಿಮಾನ ಊರ ಮೇಲೆ ಒಂದು ಸುತ್ತು ಹಾಕಿತು. ಅಷ್ಟು ಎತ್ತರದಿಂದ, ಹರಿದ ಮಂಜಿನ ನಡುವೆ, ಹೊಳೆಯ ಮೇಲೆ ಗೀರು ಎಳೆದು ಓಡುತ್ತಿದ್ದ ಒಂಟಿ ದೋಣಿ ಅದಕ್ಕೆ ಕಾಣಿಸದೆ ಇರಲು ಸಾಧ್ಯವಿರಲಿಲ್ಲ.

ವಿಮಾನ ಇಳಿಯಲಿಲ್ಲ. ರೆಕ್ಕೆ ವಾಲಿಸಿ ದೋಣಿಯ ಹಿಂದೆ ಇಂಗ್ರಿ ಗುಡ್ಡದ ಕಡೆಗೆ ತಿರುಗಿತು.